ಇವತ್ತು ಕೆಲಸ ಇಲ್ಲ

ಸೊರಬದಲ್ಲಿ ನಮ್ಮ ಮನೆ ಕಟ್ಟುವಾಗ, ಆವತ್ತಿನ ಕೆಲಸ ಎಲ್ಲಿಗೆ ಬಂತೆಂದು ದಿನಾ ಸಾಯಂಕಾಲ ಚೀಟಿ ಬರೆದು ಶಿಕಾರಿಪುರಕ್ಕೆ ಕಳಿಸುವ ಜವಾಬ್ದಾರಿ ನನ್ನ ತಲೆಗೆ ಬಿದ್ದಿತ್ತು. ಬಿದ್ದದ್ದು ನನ್ನ ಗಂಡನ ಸೋಮಾರಿತನದಿಂದ. ಈ ಮಾತನ್ನು ಅವರು ಇದ್ದಾಗ ಅವರೆದುರಿಗೇ ಹೇಳುತ್ತಿದ್ದೆ, ಈಗ ಬರೆಯುವುದಕ್ಕೆ ಏನು ಸಂಕೋಚ.

ಮನೆ ಕಟ್ಟಿಸುತ್ತಿದ್ದವರು ನನ್ನ ಮಾವ, ಗಂಡನ ತಂದೆ. ಶಿಕಾರಿಪುರದಲ್ಲಿ ಅವರದು ಭತ್ತ, ಬೆಲ್ಲದ ವ್ಯಾಪಾರ, ಅಜ್ಜನ ಕಾಲದಿಂದ ನಡೆದುಕೊಂಡು ಬಂದದ್ದು. ಹಿರಿಯ ಮಗನನ್ನು ಅಲ್ಲಿ ತಮ್ಮ ಜೊತೆ ಇಟ್ಟುಕೊಂಡು, ಕಿರಿಯವರಾದ ನನ್ನ ಗಂಡನಿಗೆ ಸೊರಬದಲ್ಲಿ ಒಂದು ಅಂಗಡಿ ಹಾಕಿಕೊಟ್ಟಿದ್ದರು. ನಾವಿಬ್ಬರೂ ಅಂಗಡಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಹೊಸ ಮನೆಯ ಜಾಗ ಅಲ್ಲಿಂದ ಕೂಗಳತೆ ದೂರ. ಹಿತ್ತಲ ಬಾಗಿಲಲ್ಲಿ ನಿಂತರೆ ಮೇಸ್ತ್ರಿ ಯಾರಿಗೆ ಬೈಯುತ್ತಿದ್ದಾನೆ ಎಂಬುದು ಕೇಳಿಸುತ್ತಿತ್ತು.

ಮಾವನಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಿ ಸೊರಬಕ್ಕೆ ಬರುವುದೆಂದರೆ ಅವರಿಗೆ ಒಂದು ದೊಡ್ಡ ಶಿಕ್ಷೆ. ಆದರೆ ದುಡ್ಡು ಹಾಕಿದ ಮೇಲೆ ಕೆಲಸ ಹೇಗೆ ನಡೆದಿದೆ ಎಂದು ತಿಳಿಯದೆ ಕೂರುವ ಜಾಯಮಾನವೂ ಅಲ್ಲ. ಹಾಗಾಗಿ ಮಗನಿಗೆ ಅಪ್ಪಣೆ ಮಾಡಿದರು: ದಿನಾ ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಬೇಕು, ಎಷ್ಟು ಆಳು ಬಂದರು, ಯಾವ ಗೋಡೆ ಎಲ್ಲಿಗೆ ಏರಿತು, ಏನು ಸಾಮಾನು ಬಂತು, ಎಲ್ಲ. ನನ್ನ ಗಂಡ ಮೊದಲಿನ ಕೆಲವು ದಿನ ‘ಕೆಲಸ ನಡೆದಿದೆ’ ಎಂದು ಬರೆದು ಕಳಿಸಿದರು. ಕೊನೆಗೆ ಒಂದು ದಿನ ಅದೇ ಚೀಟಿಯ ಹಿಂಬದಿಯಲ್ಲಿ ಕೆಂಪು ಪೆನ್ಸಿಲಿನ ಉತ್ತರ ಬಂತು: ‘ಎಲ್ಲಿಗೆ ನಡೆದು ಹೋಯಿತು?’ ಇವರು ತಲೆ ಕೆರೆದುಕೊಂಡು, ಚೀಟಿ ಪೆನ್ಸಿಲು ಎರಡನ್ನೂ ನನ್ನ ಮುಂದಿಟ್ಟು, ನೀನು ಲೋವರ್ ಸೆಕೆಂಡರಿ ಪಾಸು ಮಾಡಿದವಳಲ್ಲವೇ, ನೀನೇ ಬರಿ ಎಂದುಬಿಟ್ಟರು. ಉಳವಿಯಲ್ಲಿ ನಮ್ಮ ಓಣಿಯ ಹೆಂಗಸರಿಗೆಲ್ಲ ಕಾಗದ ಬರೆದುಕೊಡುತ್ತಿದ್ದವಳು ನಾನು. ಬರೆಯುವುದೆಂದರೆ ನನಗೆ ಹಬ್ಬದ ಅಡುಗೆಯಷ್ಟೇ ಇಷ್ಟ.

ಆವತ್ತಿನಿಂದ ಮಧ್ಯಾಹ್ನದ ಊಟ ಮುಗಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಜಾಗಕ್ಕೆ ಹೋಗುವುದು, ಗೋಡೆ ಗೋಡೆ ಸುತ್ತುವುದು, ಮೇಸ್ತ್ರಿಯನ್ನು ಕೇಳುವುದು. ಮೇಸ್ತ್ರಿ ಸೊರಬದವನೇ, ವಯಸ್ಸಾದವನು, ಹೆಂಗಸು ಬಂದು ಕೆಲಸ ವಿಚಾರಿಸುತ್ತಾಳೆಂದು ಮೊದಮೊದಲು ಮುಖ ಗಂಟು ಹಾಕಿಕೊಳ್ಳುತ್ತಿದ್ದ. ನಾನೂ ಬಿಡುವವಳಲ್ಲ. ಒಂದು ಗಾಡಿ ಜಂಬಿಟ್ಟಿಗೆ ಕಲ್ಲಿನಲ್ಲಿ ಅರ್ಧದಷ್ಟು ಮೂಲೆ ಮುರಿದದ್ದು ಬಂದಾಗ ಗಾಡಿಯವನ ಜೊತೆ ಜಗಳ ಆಡಿ ವಾಪಸು ಕಳಿಸಿದೆ. ಅದಾದ ಮೇಲೆ ಮೇಸ್ತ್ರಿ ತಾನಾಗಿಯೇ ಕರೆದು, ಅಮ್ಮಾ, ಇವತ್ತು ಪಡಸಾಲೆ ಗೋಡೆ ಕಿಟಕಿ ಮಟ್ಟಕ್ಕೆ ಬಂತು, ಬರಕೊಳ್ಳಿ ಎನ್ನತೊಡಗಿದ.

ನಾನು ಬರೆದ ಮೊದಲ ಚೀಟಿಗೆ ಬಂದ ಉತ್ತರ ಇನ್ನೂ ಬಾಯಿಪಾಠ ಇದೆ. ‘ಅಕ್ಷರ ಸುಧಾರಿಸಿದೆ. ಹೀಗೇ ವ್ಯಾಪಾರವೂ ಸುಧಾರಿಸಲಿ.’ ಮಗನೇ ಬರೆದದ್ದೆಂದು ತಿಳಿದಿದ್ದರು. ಕೆಲವು ದಿನಗಳಲ್ಲಿ ಅವರಿಗೆ ಗುಮಾನಿ ಬಂದಿರಬೇಕು, ಏಕೆಂದರೆ ನನಗೆ ಬರೀ ಕೆಲಸ ಬರೆದು ಸುಮ್ಮನಾಗುವುದು ಗೊತ್ತಿಲ್ಲ. ಗೌಂಡಿಯೊಬ್ಬನಿಗೆ ಹಲ್ಲುನೋವು, ಲವಂಗ ಕೊಟ್ಟೆ, ಸುಣ್ಣದ ಗುಂಡಿಯ ಹತ್ತಿರ ಯಾರದೋ ಎಮ್ಮೆ ಬಂದಿತ್ತು, ಓಡಿಸಿದೆ, ಹೀಗೆಲ್ಲ ಸೇರಿಸುತ್ತಿದ್ದೆ. ಅವರ ಮಗ ಹಲ್ಲುನೋವಿಗೆ ಲವಂಗ ಕೊಡುವ ಆಸಾಮಿ ಅಲ್ಲವೆಂದು ಅವರಿಗೆ ಗೊತ್ತಿಲ್ಲವೇ. ಒಂದು ದಿನ ಕೆಂಪು ಪೆನ್ಸಿಲಿನಲ್ಲಿ ‘ಚಿರಂಜೀವಿ ಸೌಭಾಗ್ಯವತಿಗೆ ಆಶೀರ್ವಾದ. ಕತೆ ಬೇಡ, ಕೆಲಸ ಬರಿ’ ಎಂದು ಬಂತು. ನಾನು ಮರುದಿನ ಬರೀ ಕೆಲಸ ಬರೆದು ಕಳಿಸಿದೆ. ಅದಕ್ಕೆ ಉತ್ತರ: ‘ಹಲ್ಲುನೋವು ಏನಾಯಿತು?’

ಇದು ನನಗೆ ಎಷ್ಟು ದೊಡ್ಡ ವಿಷಯವಾಗಿತ್ತೆಂದು ಹೇಳಬೇಕಾದರೆ ಆ ಮನೆಯ ಪದ್ಧತಿ ಹೇಳಬೇಕು. ಅಲ್ಲಿ ಸೊಸೆ ಮಾವನ ಜೊತೆ ಮಾತಾಡುವಂತಿರಲಿಲ್ಲ. ಮಾವ ಪಡಸಾಲೆಗೆ ಬಂದರೆ ನಾವು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳುತ್ತಾರೆ, ಅವರ ಉತ್ತರ ಅತ್ತೆಯ ಬಾಯಿಂದ ನಮಗೆ ಬರುತ್ತದೆ. ಬಡಿಸುವಾಗಲೂ ಕಣ್ಣು ತಟ್ಟೆ ಬಿಟ್ಟು ಮೇಲೆ ಏಳಬಾರದು. ಅವರ ಕೈಬೆರಳು ನನಗೆ ಗೊತ್ತಿತ್ತು, ಪಾದ ಗೊತ್ತಿತ್ತು. ಮುಖವನ್ನು ಮದುವೆಯಾಗಿ ಐದಾರು ವರ್ಷವಾದರೂ ನೆಟ್ಟಗೆ ನೋಡಿರಲಿಲ್ಲ. ಉಳವಿಯಲ್ಲಿ ನಮ್ಮ ಮನೆಯಲ್ಲಿ ಇಷ್ಟೆಲ್ಲ ಇರಲಿಲ್ಲ, ನಮ್ಮಜ್ಜ ಸೊಸೆಯಂದಿರ ಜೊತೆ ಕವಡೆ ಆಡುತ್ತಿದ್ದ. ಅಲ್ಲಿಂದ ಇಲ್ಲಿಗೆ ಬಂದವಳಿಗೆ ಬಾಯಿಗೆ ಬೀಗ ಹಾಕಿಕೊಂಡಿರುವುದು ಎಂಥ ಕಷ್ಟ ಎಂದು ನನ್ನಂಥ ಬಾಯಿಬಡುಕಿಗೇ ಗೊತ್ತು. ಆ ಚೀಟಿಗಳಲ್ಲಿ ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದೆವು. ಆದರೆ ಆ ವಿಷಯವನ್ನು ಅವರೂ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಐದಾರು ವರ್ಷ ಎಂದೆನಲ್ಲ, ಅಷ್ಟು ವರ್ಷವೂ ನನಗೆ ಮಕ್ಕಳಾಗಿರಲಿಲ್ಲ. ಜನ ಬಿಡುತ್ತಾರೆಯೇ. ಯಾರ ಮನೆಗೆ ಅರಿಸಿನ ಕುಂಕುಮಕ್ಕೆ ಹೋದರೂ ಹೊಟ್ಟೆಯ ಕಡೆ ನೋಡಿ ಆಮೇಲೆ ಮುಖ ನೋಡುವುದು. ಹಿರಿಯ ಸೊಸೆಗೆ ಮೂರು ಮಕ್ಕಳು. ಇವಳಿಗೆ ಬೇರೆ ಮನೆ ಬೇರೆ ಕೇಡು ಎಂದು ಯಾರೋ ಆಡಿದ್ದು ನನ್ನ ಕಿವಿಗೂ ಬಿತ್ತು. ಆಡಿದವರ ಮನೆಯ ನೀರು ನಾನು ಇವತ್ತಿಗೂ ಕುಡಿದಿಲ್ಲ.

ಪಾಯ ತೆಗೆದದ್ದು ದೀಪಾವಳಿ ಕಳೆದ ಮೇಲೆ. ಗೋಡೆಗಳು ಬೇಗ ಬೇಗ ಎದ್ದವು. ಸಂಕ್ರಾಂತಿಯ ಹೊತ್ತಿಗೆ ಬಾಗಿಲ ಮಟ್ಟ ದಾಟಿ, ಇನ್ನು ತೊಲೆ ಏರಿಸಿ ಹೆಂಚು ಹೊದಿಸುವುದೊಂದು ಉಳಿದಿತ್ತು. ಆಗಲೇ ನನಗೆ ದಿನ ನಿಂತು ಮೂರನೆಯ ತಿಂಗಳು ನಡೆದಿದೆ ಎಂದು ಖಾತ್ರಿಯಾಯಿತು. ಹಬ್ಬಕ್ಕೆ ಎಳ್ಳು ಬೆಲ್ಲ ತೆಗೆದುಕೊಂಡು ಬಂದ ಅತ್ತೆ ನನ್ನನ್ನು ನೋಡಿದ ಕೂಡಲೇ ಕಂಡುಹಿಡಿದರು. ಕೆನ್ನೆ ಸವರಿ ಅತ್ತರು. ಅತ್ತು ಮುಗಿದ ಮರುಕ್ಷಣ ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಅಲ್ಲಿಂದಲೇ ಮೇಸ್ತ್ರಿಗೆ ಕೆಲಸ ನಿಲ್ಲಿಸು ಎಂದು ಕೂಗಿದರು.

ಮನೆಯೊಡತಿ ಬಸುರಿ ಇದ್ದಾಗ ಮನೆ ಕಟ್ಟಬಾರದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಆ ಹೊಟ್ಟೆಯೊಳಗೆ ಒಂದು ಮನೆ ಏಳುತ್ತಿರುವಾಗ ಹೊರಗೆ ಇನ್ನೊಂದು ಏಳಬಾರದಂತೆ. ಅತ್ತೆ ಶಿಕಾರಿಪುರಕ್ಕೆ ಹೋಗಿ ಶಾಸ್ತ್ರ ಹೇಳುವ ಅಯ್ಯನವರನ್ನು ಕೇಳಿದರು. ಹಿಡಿದ ಕೆಲಸ ನಡುವೆ ಬಿಡುವುದು ಬೇಡ, ತೊಲೆ ಮಾತ್ರ ಏರಿಸಬೇಡಿ ಎಂದು ಅವರು ಒಂದು ದಾರಿ ತೋರಿಸಿದರು. ಅತ್ತೆ ಒಪ್ಪಲಿಲ್ಲ. “ಹಡಿಯೋರು ಅಯ್ಯನೋರೇನು?” ಎಂದು ಕೇಳಿದರಂತೆ. ಕೊನೆಗೆ ಮಾವನ ಕೆಂಪು ಪೆನ್ಸಿಲು ಬಂತು: ‘ಕೆಲಸ ನಿಲ್ಲಿಸಿ. ಒಂದು ಬುಟ್ಟಿ ಮಣ್ಣು ಸಹ ಎತ್ತಕೂಡದು. ಆಳುಗಳಿಗೆಲ್ಲ ಬೆಲ್ಲ ಹಂಚಿ.’ ಅದೇ ಬಸ್ಸಿನಲ್ಲಿ ಬೆಲ್ಲದ ಪೆಂಟೆಯೂ ಬಂತು. ಹೆಣ್ಣಾಳುಗಳು ಬೆಲ್ಲ ಕಟ್ಟಿಕೊಂಡು, ನಮ್ಮ ಕೂಲಿ ತಪ್ಪಿಸಿದ ಆ ಕಳ್ಳ ಹೊರಗೆ ಬರಲಿ, ಕಿವಿ ಹಿಂಡುತ್ತೇವೆ ಎಂದು ನನ್ನನ್ನು ರೇಗಿಸಿ ಹೋದರು. ನಾಚಿಕೆಯಿಂದ ಮುಖ ಮುಚ್ಚಿಕೊಂಡು ನಕ್ಕೆ. ಅಷ್ಟು ನಕ್ಕ ದಿನ ನನ್ನ ಆಯುಸ್ಸಿನಲ್ಲಿ ಬಹಳ ಇಲ್ಲ.

ಅತ್ತೆ ತಿರುಗಿ ಬಂದು, ಅಂದಿನಿಂದ ನಮ್ಮ ಜೊತೆಗೇ ನಿಂತರು. ಕೊಡ ಎತ್ತಬೇಡ, ಬಗ್ಗಬೇಡ, ಕಟ್ಟುವ ಜಾಗದ ಕಡೆ ಕಾಲು ಇಡಬೇಡ. ಇನ್ನು ಚೀಟಿಯ ಕೆಲಸವೂ ಮುಗಿಯಿತು ಎಂದುಕೊಂಡೆ. ಬಿಟ್ಟುಬಿಡಬೇಕಲ್ಲ ಎಂದು ಸಂಕಟವೂ ಆಯಿತು. ಎರಡು ದಿನ ಏನೂ ಕಳಿಸಲಿಲ್ಲ. ಮೂರನೆಯ ದಿನ ಕಂಡಕ್ಟರ್ ಒಂದು ಚೀಟಿ ತಂದ: ‘ಕೆಲಸ ಇಲ್ಲದಿದ್ದರೂ ರಿಪೋರ್ಟು ತಪ್ಪಬಾರದು.’

ನನಗೆ ರೇಗಿತು. ಕೆಲಸವೇ ಇಲ್ಲದ ಮೇಲೆ ಏನು ಬರೆಯಲಿ, ಗೋಡೆ ನಿಂತಲ್ಲೇ ನಿಂತಿದೆ ಎಂದೇ? ಸಿಟ್ಟಿನಲ್ಲೇ ‘ಇವತ್ತು ಕೆಲಸ ಇಲ್ಲ’ ಎಂದು ಒಂದೇ ಸಾಲು ಬರೆದು ಕಳಿಸಿದೆ. ಉತ್ತರ ಒಂದೇ ಪದದ್ದು ಬಂತು. ‘ಸಂತೋಷ.’

ಆಗ ನನಗೆ ಹೊಳೆಯಿತು. ಸೊಸೆಯ ಮೈ ಹೇಗಿದೆ, ಮಗು ಹೇಗಿದೆ ಎಂದು ಮಾವನಾದವನು ಕೇಳುವಂತಿಲ್ಲ. ನಾನು ಹೇಳುವಂತಿಲ್ಲ. ಕೆಲಸ ಇಲ್ಲ ಎಂದರೆ ಬಸುರು ನಿಂತಿದೆ, ಎಲ್ಲ ನೆಟ್ಟಗಿದೆ ಎಂದು ಅವರು ಓದಿಕೊಳ್ಳುತ್ತಿದ್ದರು. ಅದಕ್ಕಾಗಿ ದಿನಾ ಸಂಜೆ ಕೋಲೂರಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದರು ಎಂದು ಕಂಡಕ್ಟರ್ ಹೇಳಿದ. ಮೊದಲು ಅಂಗಡಿಯ ಆಳನ್ನು ಕಳಿಸುತ್ತಿದ್ದವರು, ಈಗ ತಾವೇ ಬರುತ್ತಾರಮ್ಮ, ಬಸ್ಸು ನಿಲ್ಲುವುದಕ್ಕೂ ಪುರುಸೊತ್ತು ಕೊಡುವುದಿಲ್ಲ, ಕಿಟಕಿಯಲ್ಲೇ ಕೈಯೊಡ್ಡುತ್ತಾರೆ ಎಂದ. ಆ ರಾತ್ರಿ ನಾನು ಗಂಡನಿಗೂ ಹೇಳದೆ ಖುಷಿಪಟ್ಟೆ.

ಆಮೇಲೆ ನಾನು ಕೈ ಬಿಚ್ಚಿ ಬರೆದೆ. ಮೇಲೆ ‘ಇವತ್ತು ಕೆಲಸ ಇಲ್ಲ’ ಎಂದು ಬರೆದು, ಕೆಳಗೆ ನನ್ನ ಕತೆಗಳು, ಹಿತ್ತಲ ಬಾಗಿಲಲ್ಲಿ ನಿಂತು ಕಂಡದ್ದು, ನೋಡಿ ಬಂದವರು ಹೇಳಿದ್ದು. ಅಡುಗೆಮನೆ ಆಗಬೇಕಾದ ಜಾಗದಲ್ಲಿ ಯಾರದೋ ಆಡು ಮರಿ ಹಾಕಿದೆ. ಪಡಸಾಲೆಯಲ್ಲಿ ಓಣಿಯ ಮಕ್ಕಳು ಮದುವೆ ಆಟ ಆಡಿ ಗೋಡೆಗೆಲ್ಲ ಸುಣ್ಣ ಬಳಿದಿದ್ದಾರೆ, ನಿಂತಲ್ಲಿಂದಲೇ ಬೈದೆ. ನಡುಮನೆಯಲ್ಲಿ ಹುಲ್ಲು ಹುಟ್ಟಿದೆ. ಕತೆ ಬೇಡ ಎಂದು ಅವರು ಮತ್ತೆ ಬರೆಯಲಿಲ್ಲ. ಆಡಿನ ಮರಿ ಎಷ್ಟು ಎಂದು ಕೇಳಿದರು. ಉತ್ತರದ ದೊಡ್ಡ ಕೋಣೆಗೆ ಇನ್ನೊಂದು ಕಿಟಕಿ ಬೇಕಿತ್ತು, ಗಾಳಿ ಆಡುತ್ತದೆ, ಮಗು ಮಲಗುತ್ತದೆ ಎಂದು ಬರೆದು, ‘ಮಗು’ ಎಂಬುದನ್ನು ಹೊಡೆದುಹಾಕಿ ‘ಮನೆಯವರು’ ಎಂದು ತಿದ್ದಿದ್ದರು. ಹೊಡೆದುಹಾಕಿದ್ದರೂ ಓದಲು ಬರುತ್ತಿತ್ತು.

ಆ ಬೇಸಿಗೆ ಕೆಟ್ಟ ಬೇಸಿಗೆ. ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸೌದೆಗೆ ಹೋದವರಿಗೆ ಎಂಥದೋ ಜ್ವರ ಬಂದು ಏಳುತ್ತಿಲ್ಲ ಎಂದು ಸುದ್ದಿ. ಸಂತೆಯಲ್ಲಿ ಅದೇ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ಉಳವಿಯಿಂದ ನನ್ನ ಅವ್ವನೇ ಹೇಳಿಕಳಿಸಿದಳು, ಈಗ ಈ ಕಡೆ ಬರಬೇಡ ಮಗಳೇ ಎಂದು. ಮಾವ, ಶಿಕಾರಿಪುರಕ್ಕೆ ಕರೆತನ್ನಿ, ಇಲ್ಲೇ ಆಗಲಿ, ಏಳನೆಯ ತಿಂಗಳಲ್ಲಿ ಕುಬುಸದ ಶಾಸ್ತ್ರ ಮುಗಿದ ಕೂಡಲೇ ಕಾರು ಮಾಡಿಸುತ್ತೇನೆ ಎಂದು ಬರೆದರು. ಮಂಡಿ ಗಟ್ಟಿಯಿದ್ದಾಗ ಬಸ್ಸಿನ ಎರಡಾಣೆ ಉಳಿಯುತ್ತದೆಂದು ನಡೆದೇ ಹೋಗುತ್ತಿದ್ದ ಮನುಷ್ಯ, ಕಾರು ಎಂದದ್ದು ಕೇಳಿ ನನ್ನ ಗಂಡ ಬಾಯಿ ಮೇಲೆ ಬೆರಳಿಟ್ಟರು.

ಬಿಸಿಲು ಏರಿದಂತೆ ಮೇಸ್ತ್ರಿಗೆ ಗೋಡೆಗಳ ಚಿಂತೆ ಹತ್ತಿತು. ಜಂಬಿಟ್ಟಿಗೆಯ ನಡುವೆ ಇದ್ದದ್ದು ಬರೀ ಕೆಮ್ಮಣ್ಣು. ತಲೆಯ ಮೇಲೆ ಹೆಂಚಿಲ್ಲದೆ ಒಂದು ಮಳೆಗಾಲ ನಿಂತರೆ ಮಣ್ಣು ತೊಳೆದುಹೋಗಿ ಗೋಡೆ ಕೂರುತ್ತದೆ. ದಿನಬಿಟ್ಟು ದಿನ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಕೊನೆಗೆ ಅಡಿಕೆ ಸೋಗೆಯ ಚಪ್ಪರವನ್ನಾದರೂ ಹಾಕುತ್ತೇನೆ ಎಂದ. ಚಪ್ಪರಕ್ಕೆ ಕಂಬ ಬೇಕು, ಕಂಬಕ್ಕೆ ಗುಂಡಿ ತೋಡಬೇಕು, ಗುಂಡಿ ತೋಡುವಂತಿಲ್ಲ ಎಂದು ಅತ್ತೆ ಒಂದೇ ಮಾತಿಗೆ ಮುಗಿಸಿದರು. ನಾನು ಮೇಸ್ತ್ರಿಯ ಮಾತನ್ನು ಹಾಗೆಯೇ ಚೀಟಿಯಲ್ಲಿ ಬರೆದೆ. ಮನಸ್ಸಿನಲ್ಲಿ ಹೆದರಿಕೆ, ಅಷ್ಟು ದುಡ್ಡು ಮಣ್ಣು ಪಾಲಾದರೆ ನನ್ನ ಕಾಲ್ಗುಣ ಎನ್ನುತ್ತಾರೆ ಎಂದು. ಮಾವ ಬರೆದರು: ‘ಗೋಡೆ ಬಿದ್ದರೆ ಬೀಳಲಿ. ಗೋಡೆಯನ್ನು ಮತ್ತೆ ಕಟ್ಟಬಹುದು.’

ಕುಬುಸಕ್ಕೆ ದಿನ ಗೊತ್ತಾಗಿತ್ತು. ಅದಕ್ಕೆ ಇನ್ನೂ ಒಂದು ವಾರ ಇರುವಾಗ, ಒಂದು ಬೆಳಿಗ್ಗೆ ಎದ್ದಾಗ ಹೊಟ್ಟೆ ಸುಮ್ಮನಿತ್ತು. ದಿನಾ ನಾನು ಏಳುವ ಮೊದಲೇ ಒಳಗೆ ಓಡಾಟ ಶುರುವಾಗಿರುತ್ತಿತ್ತು. ತಣ್ಣೀರು ಕುಡಿದೆ. ಮಗ್ಗುಲು ಬದಲಿಸಿ ಮಲಗಿದೆ. ಬೆಲ್ಲ ತಿಂದೆ. ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನೋವು ಕಾಣಿಸಿತು. ಸೂಲಗಿತ್ತಿ ಬಂದಳು, ಆಸ್ಪತ್ರೆಯ ನರ್ಸಮ್ಮನನ್ನೂ ನನ್ನ ಗಂಡ ಕರೆದುಕೊಂಡು ಬಂದರು. ಇಬ್ಬರೂ ನನ್ನ ಮುಖ ನೋಡದೆ ಕೆಲಸ ಮಾಡಿದರು. ಅದರಲ್ಲೇ ನನಗೆ ಎಲ್ಲ ಗೊತ್ತಾಯಿತು. ಯಾಕೆ ಹೀಗಾಯಿತೆಂದು ಆಮೇಲೆ ಎಷ್ಟು ಜನರನ್ನು ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಎತ್ತಬಾರದ್ದನ್ನು ಎತ್ತಿರಲಿಲ್ಲ, ಹೋಗಬಾರದ ಕಡೆ ಹೋಗಿರಲಿಲ್ಲ. ಕಾರಣವೇ ಇಲ್ಲದೆ ಹೋಯಿತು ನನ್ನ ಕೂಸು.

ಮಗು ಅಳಲಿಲ್ಲ. ಹೆಣ್ಣು ಎಂದು ಸೂಲಗಿತ್ತಿ ಪಿಸುಗುಟ್ಟಿದ್ದು ಕೇಳಿಸಿತು. ಕೈಚಾಚಿದೆ. ಅತ್ತೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು, ನನಗೆ ಬೆನ್ನು ಮಾಡಿ, ತಾಯಿ ನೋಡಬಾರದು, ನೋಡಿದರೆ ಮನಸ್ಸಿನಿಂದ ಹೋಗುವುದಿಲ್ಲ ಎಂದು ಹೇಳುತ್ತಾ ಹೊರಗೆ ಹೊತ್ತುಕೊಂಡು ಹೋದರು. ಹಾಗೆ ಮಾಡುವುದು ಆಗಿನ ರೂಢಿ, ಒಳ್ಳೆಯದಕ್ಕೇ ಎಂದು ಎಲ್ಲರೂ ನಂಬಿದ್ದರು. ನಾನು ಅತ್ತೆಯನ್ನು ಕರೆದೆ, ಬೇಡಿಕೊಂಡೆ, ಬೈದೆ. ಹೊರಗೆ ಗಂಡಸರ ಹೆಜ್ಜೆ ಸಪ್ಪಳ ಕೇಳಿಸಿ ಆಮೇಲೆ ಅದೂ ನಿಂತಿತು.

ನನ್ನ ಗಂಡ ಮಣ್ಣು ಮಾಡಿ ಬಂದು ಸ್ನಾನ ಮಾಡಿ ಜಗಲಿಯಲ್ಲಿ ಕೂತರು. ಬಿಸಿಲು ಇಳಿಯುತ್ತಿತ್ತು. ಬಸ್ಸು ಬರುವ ಹೊತ್ತಾಯಿತು ಎಂದು ನನಗೆ ಮಲಗಿದಲ್ಲೇ ಗೊತ್ತಾಯಿತು. ಇವತ್ತು ಏನೂ ಕಳಿಸುವುದು ಬೇಡ, ನಾಳೆ ನಾನೇ ಹೋಗಿ ಅಪ್ಪನಿಗೆ ಹೇಳುತ್ತೇನೆ ಎಂದು ಇವರು ಅತ್ತೆಗೆ ಹೇಳುತ್ತಿದ್ದರು. ನನ್ನ ಕಣ್ಣ ಮುಂದೆ ಆ ಮುದುಕರು ಬಸ್ಸಿನ ಕಿಟಕಿಗೆ ಕೈಯೊಡ್ಡಿಕೊಂಡು ನಿಂತದ್ದೇ ಬಂತು. ಚೀಟಿ ಇಲ್ಲ ಎಂದು ಕಂಡಕ್ಟರ್ ಹೇಳಿದರೆ ಅವರು ಅಲ್ಲೇ ನಿಂತು, ಸೊರಬದಿಂದ ಬಂದ ಒಬ್ಬೊಬ್ಬರನ್ನೇ ಕೇಳುತ್ತಾರೆ. ಯಾರೋ ಒಬ್ಬ, ತಂಬಾಕು ಉಗುಳುತ್ತಾ, ನಿಮ್ಮ ಸೊಸೆಗೆ ಹೀಗಾಯಿತಂತೆ ಎನ್ನುತ್ತಾನೆ. ಅದು ಆಗಬಾರದು. ಅವರಿಗೆ ನಾನೇ ಹೇಳಬೇಕು ಎನ್ನಿಸಿತು.

ಚೀಟಿ ಪೆನ್ಸಿಲು ಕೊಡಿ ಎಂದೆ. ಬುದ್ಧಿ ಕೆಟ್ಟಿದೆಯೇ ಎಂದು ಅತ್ತೆ ಗದರಿದರು. ಕೊಡಿ ಎಂದು ಕಿರುಚಿದೆ. ಇವರು ಎದ್ದು ಬಂದು ತಂದುಕೊಟ್ಟರು. ಮಲಗಿಕೊಂಡೇ, ಪಂಚಾಂಗವನ್ನು ಅಡಿಗೆ ಇಟ್ಟುಕೊಂಡು ಬರೆದೆ. ಮೊದಲು ‘ಇವತ್ತು’ ಎಂದು ಕೈ ತಾನಾಗಿಯೇ ಬರೆಯಿತು. ಅದನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: ‘ನಾಳೆಯಿಂದ ಕೆಲಸ ಶುರು ಮಾಡಬಹುದು.’

ಇವರು ಅದನ್ನು ಓದಿ ಗೋಡೆಗೆ ತಲೆ ಆನಿಸಿ ಅತ್ತರು. ಅಷ್ಟು ಹೊತ್ತೂ ತಡೆದುಕೊಂಡಿದ್ದರು ಪಾಪ. ಆಮೇಲೆ ಮುಖ ಒರೆಸಿಕೊಂಡು ಹೋಗಿ ಕಂಡಕ್ಟರ್ ಕೈಗೆ ಕೊಟ್ಟು ಬಂದರು.

ಆ ಮನೆಯ ಗತಿ ಮುಂದೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮಳೆ ಹಿಡಿಯುವ ಮೊದಲು ತೊಲೆ ಏರಿತು, ಹೆಂಚು ಹೊದ್ದಿತು. ಪಕ್ಕದ ಮನೆಯ ಹೆಂಗಸೊಬ್ಬಳು ನನ್ನನ್ನು ಸಮಾಧಾನ ಮಾಡಲಿಕ್ಕೆ ಬಂದು, ಹೋಗಲಿ ಬಿಡು, ಗೋಡೆಗಳಾದರೂ ಉಳಿದವು ಎಂದಳು. ನನ್ನ ಬಾಯಿಂದ ಬರಬಾರದ ಮಾತು ಬಂತು, ಅವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಉತ್ತರದ ಕೋಣೆಗೆ ಎರಡನೆಯ ಕಿಟಕಿ ಇಟ್ಟರು. ಆ ಮನೆಯಲ್ಲಿ ಆಮೇಲೆ ನನಗೆ ಇಬ್ಬರು ಗಂಡುಮಕ್ಕಳು ಹುಟ್ಟಿದರು, ಇಬ್ಬರೂ ಅದೇ ಕೋಣೆಯಲ್ಲಿ ಮಲಗಿ ಬೆಳೆದರು. ನಿನಗೆ ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಎರಡು ಎನ್ನಲು ಈ ವಯಸ್ಸಿನಲ್ಲೂ ನನಗೆ ಬಾಯಿ ಬರುವುದಿಲ್ಲ.

ಚೀಟಿ ಹೋದ ಮರುದಿನದ ಬೆಳಿಗ್ಗೆ. ಮೊದಲ ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಜಗಲಿಯಲ್ಲಿ ಕೋಲಿನ ಸದ್ದಾಯಿತು. ಮಾವ ಬಂದಿದ್ದರು. ಹೊರಗೆ ಮಗನ ಜೊತೆ ಮಾತಾಡುತ್ತಾರೆ, ಮೇಸ್ತ್ರಿಯನ್ನು ಕರೆಸುತ್ತಾರೆ ಎಂದುಕೊಂಡೆ. ಅವರು ಯಾರ ಜೊತೆಗೂ ಮಾತಾಡದೆ ನೆಟ್ಟಗೆ ಒಳಗೆ ಬಂದರು. ಹೆರಿಗೆಯಾದ ಕೋಣೆಗೆ ಗಂಡಸರು ಕಾಲಿಡುವ ಪದ್ಧತಿ ಇಲ್ಲ, ಮಾವನಂತೂ ಮಾತೇ ಇಲ್ಲ. ಅತ್ತೆ ಗಾಬರಿಯಾಗಿ ಬಾಗಿಲಿಗೆ ಅಡ್ಡ ಬಂದರು. ಅವರು ಪಕ್ಕಕ್ಕೆ ಸರಿ ಎಂದು ಕೈಸನ್ನೆ ಮಾಡಿದರು. ಗೋಡೆ ಹಿಡಿದುಕೊಂಡು, ಮಂಡಿಯ ನೋವಿಗೆ ಹಲ್ಲು ಕಚ್ಚಿ, ನನ್ನ ಚಾಪೆಯ ಪಕ್ಕ ನೆಲದ ಮೇಲೆ ಕೂತರು. ನಾನು ಏಳಲು ಹೋದೆ, ಆಗಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ಕೋಲನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಹೇಳಿದರು. “ಓದಿದೆನವ್ವಾ.”

ಅದು ಅವರು ನನಗೆಂದು ಆಡಿದ ಮೊದಲ ಮಾತು. ಅತ್ತೆಯ ಬಾಯಿಂದಲ್ಲ, ಪೆನ್ಸಿಲಿನಲ್ಲಲ್ಲ. ಆಗ ನನಗೆ ನೆನಪಾಯಿತು, ಚೀಟಿಯಲ್ಲಿ ಕೆಲಸದ್ದು ಬರೆದೆನೇ ಹೊರತು ಮಗುವಿನದು ಒಂದಕ್ಷರ ಬರೆದಿರಲಿಲ್ಲ. ಅವರಿಗೆ ಅದು ಗಂಡೋ ಹೆಣ್ಣೋ ಎಂಬುದೂ ಗೊತ್ತಿಲ್ಲ. ಸೆರಗಿನ ಒಳಗಿನಿಂದಲೇ ಬಾಯಿ ಬಿಟ್ಟೆ.

“ಹೆಣ್ಣುಮಗು, ಮಾವ.”

“ಹೌದೇನವ್ವಾ” ಎಂದರು. ಆಮೇಲೆ, ಮಗು ಬದುಕಿ ತೊಟ್ಟಿಲಲ್ಲಿದ್ದರೆ ಹೇಗೆ ಕೇಳುತ್ತಿದ್ದರೋ ಹಾಗೆಯೇ ಕೇಳಿದರು. “ಯಾರ ಹಂಗ ಇತ್ತು?”

ಆ ಮನೆಯಲ್ಲಿ ಹಿಂದಿನ ದಿನದಿಂದ ಎಷ್ಟು ಜನ ಬಂದು ಹೋಗಿದ್ದರು. ಮರೆತುಬಿಡು ಎಂದರು, ಮತ್ತೆ ಆಗುತ್ತದೆ ಎಂದರು, ಋಣ ಅಷ್ಟೇ ಎಂದರು. ಯಾರ ಹಾಗಿತ್ತೆಂದು ಒಬ್ಬರೂ ಕೇಳಿರಲಿಲ್ಲ. ನನಗೆ ದುಃಖ ಉಕ್ಕಿ ಬಂತು. ಅಳುತ್ತಲೇ ಹೇಳಿದೆ. “ನಂಗೆ ತೋರಿಸ್ಲಿಲ್ಲ, ಮಾವ.”

ಮಾವ ಬಾಗಿಲ ಕಡೆ ತಿರುಗಿ ಅತ್ತೆಯನ್ನು ನೋಡಿರಬೇಕು. ಅತ್ತೆ ಹಿಂದಿನ ದಿನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಕೂಸಿನ ಮಾತೆತ್ತಿದರೆ ನನ್ನ ಬಾಯಿ ಮುಚ್ಚಿಸುತ್ತಿದ್ದರು, ನೀರು ಕಾಯಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಈಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತ ಸದ್ದು ಕೇಳಿಸಿತು.

“ನಿಮ್ಮ ಹಂಗ ಇತ್ರೀ” ಎಂದರು. “ಅದ ಹಣಿ, ಅದ ಗದ್ದ. ಹುಬ್ಬು ಸೈತ ಹಂಗ ಕೂಡಿದ್ವು. ಬಿಸಿನೀರಾಗ ತೊಳೆದು ಮಲಗಿಸಿದ್ರ ನಿಮ್ಮನ್ನ ನೋಡಿದಂಗಾತು.”

ನಾನು ಸೆರಗು ಸರಿಸಿದೆ. ತಲೆಯೆತ್ತಿ ಮಾವನ ಮುಖವನ್ನು ನೆಟ್ಟಗೆ ನೋಡಿದೆ. ಅಗಲವಾದ ಹಣೆ, ಅದರ ಮೇಲೆ ಬೆಳಗಿನ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಮೂಗಿನ ಮೇಲೆ ಒಂದಕ್ಕೊಂದು ಕೂಡಿದ ಹುಬ್ಬು. ಗದ್ದದ ನಡುವೆ ಒಂದು ಸಣ್ಣ ಕುಳಿ, ನರೆತ ಗಡ್ಡದೊಳಗೆ. ಹಣೆ ನೋಡಿದೆ, ಹುಬ್ಬು ನೋಡಿದೆ, ಮತ್ತೆ ಗದ್ದ ನೋಡಿದೆ. ಅವರಿಗೆ ನಾನು ಏನು ಹುಡುಕುತ್ತಿದ್ದೇನೆಂದು ತಿಳಿಯಿತು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ನಾನು ನೋಡಿ ಮುಗಿಸುವವರೆಗೂ ಮುಖವನ್ನು ನನ್ನ ಕಡೆಗೇ ಹಿಡಿದುಕೊಂಡು ಕೂತರು.